ಹಾಲಿಗೆ ಹಾಕಿದ ಮದ್ದು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಗಾಯಕ್ಕೆ ಹಚ್ಚುವ ಜೆನ್ಷನ್ ವಯಲೆಟ್ಟಿನ ಬಣ್ಣ ಅದು. ಉಗುರಿನ ಸಂದಿಗೆ, ಗೆಣ್ಣಿನ ಗೆರೆಗಳಿಗೆ ಇಳಿದು ಕೂತಿತ್ತು. ಸೋಪು, ಸೀಗೆಪುಡಿ, ನಿಂಬೆಹೋಳು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಅದೇ ಬೆರಳುಗಳಲ್ಲಿ ದೋಸೆ ಮುರಿಯುತ್ತಿದ್ದರು, ಲೋಕಲ್ ಟ್ರೇನಿನಲ್ಲಿ ಪಾಸು ತೋರಿಸುತ್ತಿದ್ದರು. ಯಾರ ಮೇಲಾದರೂ ಸಿಟ್ಟು ಬಂದರೆ ಆ ನೇರಳೆ ತೋರುಬೆರಳನ್ನೇ ಅವರ ಮೂಗಿನ ಮುಂದೆ ಆಡಿಸುತ್ತಿದ್ದರು. ಸಿಟ್ಟು ಬರದ ದಿನ ಅವರಿಗೆ ಇರಲಿಲ್ಲ.

ಕ್ಷಮಿಸಿ ದೊಡ್ಡವರಾದವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಕ್ಷಮಿಸದೆ ಬದುಕಿ, ಕ್ಷಮಿಸದೆ ಸತ್ತ ಒಬ್ಬ ಹೆಂಗಸಿನ ಬಗ್ಗೆ. ಅವರನ್ನು ಎಲ್ಲರೂ ಡಾಕ್ಟರ್‌ಬಾಯಿ ಅನ್ನುತ್ತಿದ್ದರು. ಮರಾಠಿ ಆಳುಗಳು ಇಟ್ಟ ಹೆಸರು. ಕನ್ನಡದವಳಾದ ನಾನೂ ಹಾಗೆಯೇ ಕರೆದೆ.

ಎಂಬತ್ತರ ದಶಕದ ನಡುವಿನ ಮಾತು. ಬೊರಿವಲಿ ಸ್ಟೇಷನ್ನಿನಿಂದ ಆಚೆ, ಗುಡ್ಡದ ಕಡೆ, ಬೀದಿಪಾಲಾದ ಪ್ರಾಣಿಗಳಿಗೆಂದು ಒಂದು ಟ್ರಸ್ಟಿನವರು ನಡೆಸುತ್ತಿದ್ದ ಶೆಲ್ಟರ್ ಇತ್ತು. ಡಾಕ್ಟರ್‌ಬಾಯಿ ಅಲ್ಲಿನ ಪಶುವೈದ್ಯೆ. ಉಡುಪಿ ಕಡೆಯವರು, ಮದುವೆಯಾಗಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಅವರ ಅಣ್ಣನ ಹೋಟೆಲಿತ್ತು, ಅದರ ಮೇಲಿನ ಕೋಣೆಯಲ್ಲಿ ಇವರ ವಾಸ. ಊರಿಗೆ ಊರೇ ದಕ್ಷಿಣದ ಕಡೆ ನುಗ್ಗುವ ಬೆಳಗಿನ ಹೊತ್ತಿನಲ್ಲಿ ಇವರು ಹೋಟೆಲಿನ ಹಾಲಿನ ಕ್ಯಾನು ಹಿಡಿದು ಉತ್ತರಕ್ಕೆ ಹೋಗುವ ಸ್ಲೋ ಟ್ರೇನ್ ಹತ್ತುತ್ತಿದ್ದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಗಂಬೂಟು ಹಾಕಿ ನಿಂತರೆಂದರೆ ಶೆಲ್ಟರಿನ ಆಳುಗಳ ಬೀಡಿ ತಾನಾಗಿ ಆರಿಹೋಗುತ್ತಿತ್ತು.

ನಾನು ಆಗ ಪಶುವೈದ್ಯ ಕಾಲೇಜಿನ ಮೂರನೆಯ ವರ್ಷದಲ್ಲಿದ್ದೆ. ಚೆಂಬೂರಿನ ಮನೆ, ರಿಫೈನರಿಯಲ್ಲಿ ಅಪ್ಪನ ಕೆಲಸ, ಮೈಸೂರು ಬಿಟ್ಟು ಬಂದು ಎಷ್ಟೋ ವರ್ಷವಾಗಿದ್ದರೂ ಮೈಸೂರಿನಲ್ಲೇ ಬದುಕುತ್ತಿದ್ದ ಅಮ್ಮ. ಬೇಸಿಗೆ ರಜೆಯಲ್ಲಿ ಬೇಕಾದವರು ಎಲ್ಲಾದರೂ ಸಂಶೋಧನೆಯ ಕೆಲಸ ಮಾಡಬಹುದೆಂದು ಕಾಲೇಜಿನಲ್ಲಿ ಹೇಳಿದರು. ಗೆಳೆಯರು ಕುದುರೆ, ಎಮ್ಮೆ, ಕೋಳಿ ಅಂತ ಹಂಚಿಕೊಂಡರು. ಶೆಲ್ಟರಿನ ನಾಯಿಮರಿಗಳು ಯಾರಿಗೂ ಬೇಡವಾಗಿದ್ದವು, ಹಾಗಾಗಿ ನನಗೆ ಸಿಕ್ಕವು. ಕೇಳಿದ್ದ ಪ್ರಶ್ನೆ ಸರಳವಾದದ್ದು: ಗಟ್ಟಿಮುಟ್ಟಾಗಿ ಬಂದ ಮರಿಗಳು ಶೆಲ್ಟರಿನೊಳಗೆ ಕಾಲಿಟ್ಟ ಮೇಲೆ ವಾಂತಿ, ರಕ್ತಭೇದಿಯಾಗಿ ಯಾಕೆ ಸಾಯುತ್ತವೆ?

ನನಗೆ ಅಲ್ಲಿ ಜಾಗ ಕೊಡಿಸಿದ್ದು ಶೆಲ್ಟರಿನ ಸೆಕ್ರೆಟರಿ. ಅಪ್ಪನ ಸ್ನೇಹಿತರು, ನಮ್ಮ ಮೈಸೂರಿನವರೇ, ನಮ್ಮಂತೆ ಚೆಂಬೂರಿನವರೇ. ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಸಮಾಜಸೇವೆಗೆ ಇಳಿದವರು. ಬಿಳಿ ಸಫಾರಿ, ಮೆಲು ಮಾತು, ಬಾಯಿ ತುಂಬ "ಏನಮ್ಮ". ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ. ಆ ಮಾತನ್ನು ಬರೆಯುವಾಗ ಈಗಲೂ ನನ್ನ ನಾಲಿಗೆ ಕಹಿಯಾಗುತ್ತದೆ.

ಮೊದಲ ದಿನವೇ ಡಾಕ್ಟರ್‌ಬಾಯಿಯ ಬೆರಳು ನನ್ನ ಮೂಗಿನ ಮುಂದೆ ಬಂತು. ಬೆಳಗ್ಗೆ ಮರಿಗಳ ಗೂಡಿನ ಮುಂದೆ ನಿಲ್ಲಿಸಿ, ಹಾಲಿನ ಪಾತ್ರೆ ಕೈಗೆ ಕೊಟ್ಟು, "ಹಾಲಲ್ಲಿ ಮದ್ದು ಹಾಕಿ ಇವಕ್ಕೆ ಕೊಡು ಮಾರಾಯ್ತಿ, ಬೇಗ" ಅಂದರು. ನಮ್ಮ ಮನೆಯಲ್ಲಿ ಮದ್ದು ಹಾಕುವುದು ಅಂದರೆ ವಿಷ ಇಡುವುದು. ಯಾರದಾದರೂ ಮನೆಗೆ ಊಟಕ್ಕೆ ಹೊರಟರೆ ಅಮ್ಮ ಬಾಗಿಲಿನವರೆಗೂ ಬಂದು, ಕಂಡವರ ಮನೆಯಲ್ಲಿ ಹಾಲು ಕುಡಿಯಬೇಡ, ಮದ್ದು ಗಿದ್ದು ಹಾಕಿಬಿಟ್ಟಾರು ಎಂದು ಎಚ್ಚರಿಸುತ್ತಿದ್ದಳು. ಆಡುವ ಮರಿಗಳನ್ನು ನೋಡಿದೆ, ಪಾತ್ರೆ ನೋಡಿದೆ. ನನ್ನ ಕೈಲಿ ಇವನ್ನು ಕೊಲ್ಲಲಿಕ್ಕೆ ಆಗುವುದಿಲ್ಲ ಎಂದು ಹೇಳಿ ಪಾತ್ರೆಯನ್ನು ನೆಲಕ್ಕಿಟ್ಟೆ.

"ಎಂತ? ಕೊಲ್ಲುದಾ? ಹುಳದ ಮದ್ದು ಹಾಕಿದ್ರೆ ಮರಿ ಸಾಯ್ತದಾ?" ಬೆರಳು ಮೇಲೆದ್ದಿತು. ನಾನು ತಡವರಿಸುತ್ತ ಅಮ್ಮನ ಮಾತು ಹೇಳಿದೆ. ಅವರು ಗೂಡಿನ ಸರಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಊರಿನಲ್ಲಿ ಮದ್ದು ಅಂದರೆ ಔಷಧಿ, ಅಷ್ಟೇ. ಜ್ವರಕ್ಕೆ ಮದ್ದು, ಕೆಮ್ಮಿಗೆ ಮದ್ದು, ಆಸ್ಪತ್ರೆಗೆ ಹೋಗಿ ಮದ್ದು ತರುವುದು. ಅವತ್ತಿಡೀ ಆಳುಗಳಿಗೆಲ್ಲ ಈ ಕತೆ ಹೇಳಿದರು. ಮಧ್ಯಾಹ್ನ ಟೀ ಕುಡಿಯಲು ಆಫೀಸಿಗೆ ಹೋದಾಗ ನಾನೂ ಸೆಕ್ರೆಟರಿ ಅಂಕಲ್‌ಗೆ ಹೇಳಿದೆ. ಅವರೂ ನಕ್ಕರು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು: ಆ ಮನುಷ್ಯನಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು.

ಡಾಕ್ಟರ್‌ಬಾಯಿ ಸಿಟ್ಟನ್ನು ಉಪ್ಪಿನಕಾಯಿಯಂತೆ ಜೋಪಾನ ಮಾಡುತ್ತಿದ್ದರು. ತಮಗೆ ಅನ್ಯಾಯ ಮಾಡಿದವರ ಕತೆಗಳನ್ನು ಊಟಕ್ಕೆ ಕೂತಾಗ ಒಂದೊಂದಾಗಿ ತೆಗೆದು ರುಚಿ ನೋಡುತ್ತಿದ್ದರು. ಅವರು ಓದುವಾಗ ಒಬ್ಬ ಪ್ರೊಫೆಸರು, ಹೆಂಗಸರು ಗಿಳಿಗೆ ಮಾತ್ರ ಚಿಕಿತ್ಸೆ ಮಾಡಿದರೆ ಸಾಕು ಎಂದು ಕ್ಲಾಸಿನ ಎದುರು ಹೇಳಿದ್ದರಂತೆ. ಎಷ್ಟೋ ವರ್ಷದ ಮೇಲೆ ಅದೇ ಪ್ರೊಫೆಸರು ಹೆಂಡತಿಯ ಪೊಮರೇನಿಯನ್ ನಾಯಿಗೆ ಮಲ ಕಟ್ಟಿದೆಯೆಂದು ಇವರ ಹತ್ತಿರ ಬಂದರು. ಎನಿಮಾ ಕೊಡುವಾಗ ಹಿಂಭಾಗ ಹಿಡಿಯಲು ಆಳುಗಳು ಇದ್ದರೂ ಅವರನ್ನೆಲ್ಲ ಹೊರಗೆ ಕಳಿಸಿ, ಪ್ರೊಫೆಸರ ಕೈಯಲ್ಲೇ ಹಿಡಿಸಿದರಂತೆ. "ನಾಯಿಗೆ ಆರಾಮಾಯ್ತು. ನನಗೂ" ಎಂದು ಸಾರು ಕಲಸಿಕೊಂಡರು. ಒಂದು ಕಟ್ಟಳೆ ಮಾತ್ರ ಅವರು ಎಂದೂ ಮೀರಲಿಲ್ಲ. ಸಿಟ್ಟೆಲ್ಲ ಮನುಷ್ಯರ ಮೇಲೆ, ಪ್ರಾಣಿಗೆ ಅದರಲ್ಲಿ ಪಾಲಿಲ್ಲ. ಇಷ್ಟು ಹಳೆಯದನ್ನೆಲ್ಲ ಬಿಟ್ಟುಬಿಡಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ನಾಯಿ ಬಿಡ್ತದೆ. ಒದ್ದವನ ಕೈಯನ್ನೇ ನೆಕ್ತದೆ. ನಾನು ನಾಯಿಯಾ?"

ಇನ್ನು ಮರಿಗಳ ವಿಷಯ. ಶೆಲ್ಟರಿನ ಗೇಟಿನ ಪಕ್ಕ ಗಾಜಿನ ಕಿಟಕಿಯಿದ್ದ ಒಂದು ಕೋಣೆಯಿತ್ತು. ಭಾನುವಾರ ದಾನಿಗಳು ಮಕ್ಕಳು ಮರಿ ಕರೆದುಕೊಂಡು ಬಂದು ಅಲ್ಲಿ ನಾಯಿಮರಿಗಳನ್ನು ಎತ್ತಿ ಮುದ್ದಾಡಿ ಹೋಗುತ್ತಿದ್ದರು. ಆಳುಗಳ ಬಾಯಲ್ಲಿ ಅದು ದರ್ಶನದ ಕೋಣೆ. ಹೊಸ ಮರಿ ಬಂದ ತಕ್ಷಣ ಸೆಕ್ರೆಟರಿ ಅದನ್ನು ಅಲ್ಲಿಗೆ ಹಾಕಿಸುತ್ತಿದ್ದರು. ರೋಗ ಹೊರಗಿನಿಂದ ಬರುತ್ತಿಲ್ಲ, ಆ ಕೋಣೆಯ ನೆಲದಲ್ಲೇ ಕೂತಿದೆ ಎನ್ನುವುದು ಡಾಕ್ಟರ್‌ಬಾಯಿಯ ವಾದ. ಆ ರೋಗ ನಮ್ಮ ದೇಶಕ್ಕೆ ಹೊಸತು, ಅದರ ಹೆಸರೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಫಿನಾಯಿಲಿಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ಪೌಡರಿನಲ್ಲಿ ತಿಕ್ಕಬೇಕು, ಹೊಸ ಮರಿಗಳನ್ನು ಎರಡು ವಾರ ಬೇರೆ ಇಡಬೇಕು ಎಂದು ಅವರು ಹೇಳಿ ಹೇಳಿ ಸಾಕಾಗಿದ್ದರು. ಬ್ಲೀಚಿನ ವಾಸನೆಗೆ ದಾನಿಗಳು ಮೂಗು ಮುಚ್ಚುತ್ತಾರೆ ಎಂದು ಸೆಕ್ರೆಟರಿ ಒಪ್ಪಿರಲಿಲ್ಲ.

ಆ ಬೇಸಿಗೆ ನಾನು ಸಂಶೋಧನೆಗೆಂದು ಬಂದಿದ್ದರಿಂದ ಸೆಕ್ರೆಟರಿ ಸ್ವಲ್ಪ ಬಗ್ಗಿದರು. ಆದರೆ ಬಗ್ಗಿದ್ದು ತಮಗೆ ನಷ್ಟವಾಗದಷ್ಟು ಮಾತ್ರ. ಬೆಳ್ಳಗಿನ, ಚುಕ್ಕೆ ಚುಕ್ಕೆಯ, ನೋಡಲು ಚಂದದ ಮರಿಗಳೆಲ್ಲ ಮುಂದಿನ ಕೋಣೆಗೇ ಬರಬೇಕು. ಕರೀ ಮರಿಗಳು, ಕಜ್ಜಿಯವು, ಬಾಲ ಸೊಟ್ಟಾದವು, ಒಂದು ಕಣ್ಣು ಹೋದವು ನಿಮಗೆ, ಹಿಂದೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ ಎಂದರು. ಡಾಕ್ಟರ್‌ಬಾಯಿ ಜಗಳವಾಡಿ ಸೋತರು. ಹಿಂದುಗಡೆಯ ಹಳೇ ದನದ ಕೊಟ್ಟಿಗೆಯನ್ನು ನಾವಿಬ್ಬರೂ ಬ್ಲೀಚು ಹಾಕಿ ತೊಳೆದು, ಕುರೂಪಿಗಳನ್ನೆಲ್ಲ ಅಲ್ಲಿ ಬಿಟ್ಟೆವು. ಗುರುತಿಗೆ ಪ್ರತಿಯೊಂದರ ಎಡಗಿವಿಗೂ ಅವರು ನೇರಳೆ ಬಣ್ಣ ಹಚ್ಚಿದರು. ಎರಡೂ ಕಡೆಯ ಮರಿಗಳಿಗೆ ಹೋಟೆಲಿನ ಅದೇ ಹಾಲು, ಅದೇ ಹುಳದ ಮದ್ದು.

ಮಳೆ ಹತ್ತಿರವಾಗುವಷ್ಟರಲ್ಲಿ ಕಣ್ಣಿದ್ದವರಿಗೆಲ್ಲ ಕಂಡಿತು. ಚಂದದವು ಸಾಯುತ್ತಿದ್ದವು. ನೇರಳೆ ಕಿವಿಯ ಕುರೂಪಿಗಳು ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಒಂದು ಭಾನುವಾರ ಡಾಕ್ಟರ್‌ಬಾಯಿ ಸತ್ತ ಬಿಳಿ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿ ತಂದು, ದಾನಿಗಳೆದುರು ಸೆಕ್ರೆಟರಿಯ ಮೇಜಿನ ಮೇಲೆ, ಪೇಡೆಯ ಡಬ್ಬಿಯ ಪಕ್ಕದಲ್ಲೇ ಇಟ್ಟರು. ಇದು ನಿಮ್ಮ ದರ್ಶನದ ಪ್ರಸಾದ ಎಂದು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿ ಬಂದರು. ಒಬ್ಬ ಹೆಂಗಸು ಅಳುತ್ತ ಎದ್ದುಹೋದಳು. ಸೆಕ್ರೆಟರಿ ಪೇಡೆಯ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು.

ಆ ವಾರವೇ ಕಮಿಟಿಯ ಮೀಟಿಂಗು ಕರೆದರು. ಅಧ್ಯಕ್ಷೆ ದೊಡ್ಡ ಮನೆತನದ ಮುದುಕಿ, ಉಳಿದವರು ಗುಜರಾತಿ, ಮರಾಠಿ ಜನ. ಇಷ್ಟೊಂದು ಮರಿಗಳು ಯಾಕೆ ಸತ್ತವು ಎಂದು ಕೇಳಿದರು. ಸೆಕ್ರೆಟರಿ ಎದ್ದು, ಬಹಳ ದುಃಖದಿಂದ, ತಮ್ಮ ಕಿವಿಯಾರೆ ಕೇಳಿದ್ದನ್ನು ಹೇಳುತ್ತಿದ್ದೇನೆ ಎಂದರು. ಈ ಡಾಕ್ಟರು ದಿನಾ ಬೆಳಗ್ಗೆ ಈ ಹುಡುಗಿಗೆ ಕನ್ನಡದಲ್ಲಿ ಹಾಲಲ್ಲಿ ಮದ್ದು ಹಾಕು ಎಂದು ಹೇಳುತ್ತಾರೆ. ತಾನು ಕನ್ನಡದವನು, ತನಗೆ ಗೊತ್ತು. ಆಮೇಲೆ ಎಲ್ಲರಿಗೂ ಕೇಳುವಂತೆ, ಮದ್ದು ಅಂದರೆ ವಿಷ ಎಂದು ಹಿಂದಿಯಲ್ಲಿ ಅನುವಾದ ಮಾಡಿದರು: "ಮದ್ದು ಮತ್ಲಬ್ ಜಹರ್."

ನಾನು ಎದ್ದು ನಿಂತೆ. ಸುಳ್ಳು, ಅದು ದವಾ, ಔಷಧಿ ಎಂದು ಹಿಂದಿಯಲ್ಲಿ ಕೂಗಿದೆ. ಸೆಕ್ರೆಟರಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮಗಳನ್ನು ಮಾತಾಡಿಸುವ ಹಾಗೆ ಕೇಳಿದರು. "ನೀನೇ ಹೇಳಮ್ಮ. ಮೈಸೂರಿನ ಹುಡುಗಿ ನೀನು. ನಿಮ್ಮನೇಲಿ ಹಾಲಲ್ಲಿ ಮದ್ದು ಹಾಕಿದ್ರು ಅಂದ್ರೆ ಏನರ್ಥ? ನಿಜ ಹೇಳ್ಬೇಕು." ಅಧ್ಯಕ್ಷೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ವಿಷ ಅಂತಲೇ ಅರ್ಥ, ಆದರೆ ಇವರ ಕಡೆ ಹಾಗಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಮೊದಲರ್ಧ ಮಾತ್ರ ಎಲ್ಲರಿಗೂ ಬೇಕಾಗಿತ್ತು. ಮಿಕ್ಕಿದ್ದು ಗದ್ದಲದಲ್ಲಿ ಮುಳುಗಿತು.

ಡಾಕ್ಟರ್‌ಬಾಯಿ ಅಳಲಿಲ್ಲ, ವಾದಿಸಲಿಲ್ಲ. ಎದ್ದು ಸೀದಾ ಸೆಕ್ರೆಟರಿಯ ಹತ್ತಿರ ಹೋಗಿ ನೇರಳೆ ಬೆರಳನ್ನು ಮೂಗಿನ ಮುಂದೆ ಹಿಡಿದರು. "ಅರ್ಥ ನಿಮಗೆ ಗೊತ್ತುಂಟು. ಒಂದು ದಿನ ನಿಮ್ಮ ಬಾಯಿಯಿಂದಲೇ ಹೇಳಿಸ್ತೇನೆ" ಅಂದರು. ಗಂಬೂಟು ಬಿಚ್ಚಿ ಬಾಗಿಲಲ್ಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟೇಹೋದರು. ಮರಿಗಳಿಗೆ ವಿಷ ಹಾಕಿದ ಡಾಕ್ಟರು ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ನನ್ನ ಸಂಶೋಧನೆಯೂ ಅಲ್ಲಿಗೇ ನಿಂತಿತು.

ನಾನು ಓಡಿಹೋಗಿ ಅವರನ್ನು ಬೊರಿವಲಿ ಸ್ಟೇಷನ್ನಿನಲ್ಲಿ ಹಿಡಿದೆ. ಅಳುತ್ತಿದ್ದೆ. "ನೀನ್ಯಾಕೆ ಅಳುದು? ಕೇಳಿದ್ದಕ್ಕೆ ಸರಿ ಉತ್ತರ ಹೇಳಿದ್ದಿ. ಕೇಳಿದವನು ಕಳ್ಳ" ಎಂದು ಸೆರಗಿನಲ್ಲಿ ನನ್ನ ಮುಖ ಒರೆಸಿದರು. ಅಷ್ಟರಲ್ಲಿ ಒಬ್ಬ ಆಳು ಸೈಕಲ್ಲಿನಲ್ಲಿ ಬಂದು ಹೊಸ ಸುದ್ದಿ ಹೇಳಿದ. ದರ್ಶನದ ಕೋಣೆ ಖಾಲಿ ಕಾಣುತ್ತದೆಯೆಂದು ಕೊಟ್ಟಿಗೆಯ ಮರಿಗಳನ್ನು ಮಧ್ಯಾಹ್ನವೇ ಅಲ್ಲಿಗೆ ಹಾಕಲು ಸೆಕ್ರೆಟರಿ ಹೇಳಿದ್ದಾರಂತೆ.

ಡಾಕ್ಟರ್‌ಬಾಯಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು. ಒಂದರ ಹಿಂದೊಂದು ಟ್ರೇನ್ ಬಂದು ಹೋದವು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆಯೆಂದು ನನಗೆ ಗೊತ್ತಾಗುತ್ತಿತ್ತು. ನಾವು ಸುಮ್ಮನೆ ಮನೆಗೆ ಹೋದರೆ ಸಾಕು. ನಾವಿಲ್ಲದೆ, ನಮ್ಮ ಹಾಲಿಲ್ಲದೆ, ಆ ನೆಲದ ಮೇಲೆ ಅವೂ ಸಾಯುತ್ತವೆ. ಆಗ ಇವರು ನಿರಪರಾಧಿ, ಆ ಮನುಷ್ಯ ಸುಳ್ಳ ಎಂದು ಇಡೀ ಕಮಿಟಿಗೆ ಗೊತ್ತಾಗುತ್ತದೆ. ಅವರೂ ಅದನ್ನೇ ಬಾಯಿಬಿಟ್ಟು ಹೇಳಿದರು, ಸುಮ್ಮನೆ ಕೂತರೆ ನಾನು ಗೆದ್ದ ಹಾಗೆ ಎಂದು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು "ಬಾ" ಎಂದರು.

ಮಾರ್ಕೆಟ್ಟಿನಲ್ಲಿ ತರಕಾರಿ ಬುಟ್ಟಿಗಳನ್ನು ಕೊಂಡು, ಶೆಲ್ಟರಿನ ಹಿಂದಿನ ಬಾಗಿಲಿಗೆ ಹೋದೆವು. ಆಳುಗಳು ಮರಿಗಳನ್ನು ಒಂದೊಂದಾಗಿ ದಾಟಿಸಿದರು. ಮೇಲೆ ಕೋಸಿನ ಎಲೆ ಮುಚ್ಚಿ, ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನವರ ಜೊತೆ ಕೂತು ಗ್ರಾಂಟ್ ರೋಡಿಗೆ ಬಂದೆವು. ಅಂಧೇರಿಯಲ್ಲಿ ಕೋಸಿನ ಎಲೆ ಸರಿಸಿ ಒಂದು ನೇರಳೆ ಕಿವಿ ಹೊರಗೆ ಬಂತು. ಮೀನಿನ ಹೆಂಗಸೊಬ್ಬಳು ಅದನ್ನು ನೋಡಿ, ಬಾಯಿ, ನಿಮ್ಮ ಬದನೆಕಾಯಿ ಅಲ್ಲಾಡುತ್ತಿದೆ ಎಂದಳು. ಡಾಕ್ಟರ್‌ಬಾಯಿ ಆ ದಿನ ನಕ್ಕಿದ್ದು ಅದೊಂದೇ ಸಲ.

ಹೋಟೆಲಿನ ಟೆರೇಸಿನ ಮೇಲೆ ಬುಟ್ಟಿಗಳನ್ನು ಬಿಚ್ಚಿದಾಗ ಅವರ ಅಣ್ಣ ಹಣೆ ಚಚ್ಚಿಕೊಂಡು, ಇದೆಂತ ಹೋಟೆಲಾ ನಾಯಿದೊಡ್ಡಿಯಾ ಎಂದು ಕೂಗಾಡಿದರು. ರಾತ್ರಿ ಊಟಕ್ಕೆ ಅವರೇ ಮಿಕ್ಕಿದ ಇಡ್ಲಿಗಳನ್ನು ಮೇಲಕ್ಕೆ ಕಳಿಸಿಕೊಟ್ಟರಂತೆ.

ಆ ಸಂಜೆ ನಾನು ದಾದರಿನಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋಗುತ್ತಿದ್ದೆ. ಕುರ್ಲಾ ಬಂದಾಗ ತಟ್ಟನೆ ಒಂದು ಮಾತು ಹೊಳೆಯಿತು: ಮನೆಮದ್ದು! ಅಯ್ಯೋ, ನಮ್ಮ ಅಮ್ಮನೇ ಶೀತವಾದಾಗೆಲ್ಲ ಮಾಡಿಕೊಡುವ ಮನೆಮದ್ದು. ಮೈಸೂರಿನಲ್ಲೂ ಮದ್ದು ಅಂದರೆ ಔಷಧಿಯೇ! ಆ ಮನುಷ್ಯನ ಮುಖಕ್ಕೆ ಎಸೆಯಬೇಕಾಗಿದ್ದ ಮಾತು ಹೊಳೆದದ್ದು ಕುರ್ಲಾದಲ್ಲಿ, ಹೆಂಗಸರ ಡಬ್ಬಿಯ ನೂಕುನುಗ್ಗಲಿನಲ್ಲಿ. ನಾನು ಕಂಬಿಗೆ ತಲೆ ಚಚ್ಚಿಕೊಂಡೆ. ಆ ಕಿಚ್ಚು ಎಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಉರಿಯಿತೆಂದು ನನಗೇ ಗೊತ್ತು.

ಮಳೆಗಾಲದಲ್ಲಿ ದರ್ಶನದ ಕೋಣೆಗೆ ಹೊಸ ಮರಿಗಳು ಬಂದವು, ಸತ್ತವು. ಆಗ ಅಲ್ಲಿ ಡಾಕ್ಟರ್‌ಬಾಯಿಯೂ ಇರಲಿಲ್ಲ, ಮದ್ದೂ ಇರಲಿಲ್ಲ. ಕಮಿಟಿಗೆ ತಡವಾಗಿ ಬುದ್ಧಿ ಬಂತು. ಕೋಣೆಗೆ ಬೀಗ ಬಿತ್ತು. ಅಧ್ಯಕ್ಷೆ ತಾವೇ ಕಾರು ತೆಗೆದುಕೊಂಡು ಗ್ರಾಂಟ್ ರೋಡಿಗೆ ಬಂದು, ಮತ್ತೆ ಕೆಲಸಕ್ಕೆ ಬನ್ನಿ ಎಂದು ಕರೆದರು. ಡಾಕ್ಟರ್‌ಬಾಯಿ ಒಂದೇ ಷರತ್ತು ಹಾಕಿದರು. ಸೆಕ್ರೆಟರಿ ಅದೇ ಮೇಜಿನ ಮುಂದೆ ನಿಂತು, ಅದೇ ಜನರೆದುರು, ಮದ್ದು ಅಂದರೆ ಔಷಧಿ ಎಂದು ಹೇಳಬೇಕು. ಕ್ಷಮೆ ಬೇಡ, ಹೂವಿನ ಹಾರ ಬೇಡ, ಆ ಒಂದು ವಾಕ್ಯ ಸಾಕು.

ಸೆಕ್ರೆಟರಿ ಹೇಳಲಿಲ್ಲ. ಆರೋಗ್ಯ ಸರಿಯಿಲ್ಲವೆಂದು ರಾಜೀನಾಮೆ ಕೊಟ್ಟರು, ಶಾಲು ಹೊದೆಸಿಕೊಂಡು ಹಣ್ಣಿನ ಬುಟ್ಟಿ ತೆಗೆದುಕೊಂಡು ಮನೆಗೆ ಹೋದರು. ಡಾಕ್ಟರ್‌ಬಾಯಿ ಶೆಲ್ಟರಿಗೆ ಮತ್ತೆ ಕಾಲಿಡಲಿಲ್ಲ. ಹೋಟೆಲಿನ ಹಿಂದಿನ ಸಣ್ಣ ಕೋಣೆಯಲ್ಲಿ ಕ್ಲಿನಿಕ್ ಹಾಕಿದರು. ಅಲ್ಲಿ ಅವರ ಕೈಕೆಳಗೆ ನಿಂತು ನಾನು ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಹಸಿದ ಬೆಕ್ಕು, ಕಚ್ಚುವ ನಾಯಿ, ಸುಳ್ಳು ಹೇಳುವ ಯಜಮಾನ, ಮೂವರನ್ನೂ ಹೇಗೆ ಹಿಡಿಯಬೇಕೆಂದು ಅವರೇ ತೋರಿಸಿದರು.

ಟೆರೇಸಿನ ಮರಿಗಳು ಇಡ್ಲಿ ತಿಂದು ದಷ್ಟಪುಷ್ಟವಾಗಿ ಬೆಳೆದಿದ್ದವು. ಒಂದು ಬೆಳಗ್ಗೆ ಡಾಕ್ಟರ್‌ಬಾಯಿ ನನ್ನನ್ನು ಕರೆದು, ಆ ಮನುಷ್ಯ ಚೆಂಬೂರಿನಲ್ಲಿ ಎಲ್ಲೆಲ್ಲಿ ಓಡಾಡುತ್ತಾನೆ ಎಂದು ಕೇಳಿದರು. ನನಗೆ ಅವರ ದಿನಚರಿಯೆಲ್ಲ ಗೊತ್ತಿತ್ತು. ಬೆಳಗಿನ ವಾಕಿಂಗು, ಪೇಪರಿನವನ ಸ್ಟಾಲು, ದೇವಸ್ಥಾನ, ಪಾನಿನ ಅಂಗಡಿ, ಸ್ಟೇಷನ್ನು. ಒಂದೊಂದು ಜಾಗಕ್ಕೂ ಒಂದೊಂದು ನಾಯಿ ಹೋಯಿತು. ಪೇಪರಿನವನಿಗೆ ಕಾವಲಿಗೆ ಬೇಕಿತ್ತು, ಕೊಟ್ಟೆವು. ಪಾನಿನವನಿಗೆ ಸೊಟ್ಟ ಬಾಲದ್ದು. ದೇವಸ್ಥಾನದ ಹೂವಿನವಳಿಗೆ ಒಕ್ಕಣ್ಣಿನದು. ಸೆಕ್ರೆಟರಿಯ ಬಿಲ್ಡಿಂಗಿನ ವಾಚ್‌ಮನ್ನಿಗೆ ಎಲ್ಲಕ್ಕಿಂತ ಕರಿಯದು. ಒಂದೇ ಮಾತು ಕೇಳಿಕೊಂಡೆವು, ಇದರ ಹೆಸರು ಬದಲಾಯಿಸಬೇಡಿ, ಕರೆದರೆ ಅದಕ್ಕಷ್ಟೇ ಓಗೊಡುತ್ತದೆ ಎಂದು. ಅಷ್ಟೂ ನಾಯಿಗಳ ಹೆಸರು ಮದ್ದು.

ಹಿಂದಿ, ಮರಾಠಿ ಜನಕ್ಕೆ ಅದೊಂದು ಮುದ್ದಿನ ಹೆಸರು, ಅಷ್ಟೇ. ಮುಂಜಾನೆ ಸೆಕ್ರೆಟರಿ ಗೇಟು ದಾಟುವಾಗ ವಾಚ್‌ಮನ್ ಕೂಗುತ್ತಿದ್ದ: ಮದ್ದೂ, ಇಧರ್ ಆ. ಪೇಪರ್ ಕೊಳ್ಳುವಾಗ, ಏ ಮದ್ದು, ಚುಪ್. ದೇವರಿಗೆ ಕೈಮುಗಿದು ಹೊರಗೆ ಬಂದರೆ, ಮದ್ದೂ ಬಾಳಾ, ನನ್ನ ಕಂದಾ, ಬಿಸ್ಕಿಟ್ ತಿನ್ನು. ಯಾವ ಮರಿಗಳಿಗೆ ವಿಷ ಹಾಕಿದ್ದಾರೆಂದು ಆ ಮನುಷ್ಯ ಹೇಳಿದ್ದನೋ, ಅವೆಲ್ಲ ಜೀವಂತವಾಗಿ ಬಾಲ ಅಲ್ಲಾಡಿಸುತ್ತ ದಾರಿಯುದ್ದಕ್ಕೂ ಎದುರಾಗುತ್ತಿದ್ದವು. ಮಳೆಗಾಲ ಮುಗಿದ ಮೇಲೊಮ್ಮೆ ಡಾಕ್ಟರ್‌ಬಾಯಿ ತಾವೇ ಬಂದು, ದೇವಸ್ಥಾನದ ಎದುರಿನ ಕಟ್ಟೆಯಲ್ಲಿ ಕಡಲೆಕಾಯಿ ತಿನ್ನುತ್ತ ಕೂತು ಇದನ್ನೆಲ್ಲ ಕಣ್ತುಂಬ ನೋಡಿ ಹೋದರು. ಸೆಕ್ರೆಟರಿ ಕೊಡೆ ಅಡ್ಡ ಹಿಡಿದುಕೊಂಡು ನಡೆದದ್ದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲವಂತೆ.

ಆಮೇಲೆ ನಾವು ಯಾರೂ ಮಾಡಿಸದ ಒಂದು ಸಂಗತಿ ನಡೆಯಿತು. ಸೆಕ್ರೆಟರಿಯ ಮೊಮ್ಮಗಳು, ಕನ್ನಡ ಅರ್ಥವಾದರೂ ನೆಟ್ಟಗೆ ಮಾತಾಡಲು ಬಾರದ ಸಣ್ಣ ಹುಡುಗಿ, ವಾಚ್‌ಮನ್ನಿನ ಕರೀ ನಾಯಿಯನ್ನು ಹಚ್ಚಿಕೊಂಡಳು. ವಾಚ್‌ಮನ್ ಊರಿಗೆ ಹೊರಟುನಿಂತಾಗ ಅತ್ತು ಕರೆದು, ಊಟ ಬಿಟ್ಟು, ಅದನ್ನು ಮನೆಯೊಳಗೇ ತಂದುಕೊಂಡಳು. ತಾತ ಅದಕ್ಕೆ ರಾಜಾ ಎಂದು ಹೆಸರಿಡಲು ನೋಡಿದರಂತೆ. ನಾಯಿ ತಿರುಗಿಯೂ ನೋಡಲಿಲ್ಲ. ಯಾಕೆ ಮದ್ದು ಅನ್ನಬಾರದು ಎಂದು ಮೊಮ್ಮಗಳು ಕೇಳಿದಾಗ ಪೇಪರ್ ಬಿಡಿಸಿಕೊಂಡು ಕೂತರಂತೆ. ಈ ಸುದ್ದಿಯನ್ನು ನಾನು ಹೇಳಿದ ದಿನ ಡಾಕ್ಟರ್‌ಬಾಯಿ ಹೋಟೆಲಿನಲ್ಲಿದ್ದವರಿಗೆಲ್ಲ ಕೇಸರಿಬಾತು ಕೊಡಿಸಿದರು.

ವರ್ಷಗಳು ಕಳೆದವು. ನಾನು ಚೆಂಬೂರಿನಲ್ಲಿ ಸ್ವಂತ ಕ್ಲಿನಿಕ್ ತೆರೆದೆ. ತೊಂಬತ್ತರ ದಶಕ ಕಾಲಿಟ್ಟ ಹೊತ್ತಿಗೆ ಡಾಕ್ಟರ್‌ಬಾಯಿ ಹಾಸಿಗೆ ಹಿಡಿದಿದ್ದರು. ಹೊಟ್ಟೆಯೊಳಗಿನ ಗಡ್ಡೆ. ಕೆಲಸ ಬಿಟ್ಟು ತಿಂಗಳುಗಳಾದ್ದರಿಂದ ಅವರ ಬೆರಳುಗಳ ಬಣ್ಣ ಮಾಸಿಹೋಗಿತ್ತು. ಆ ಬೋಳು ಬೆರಳುಗಳನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಸೆಕ್ರೆಟರಿ ನನ್ನ ಕ್ಲಿನಿಕ್ಕಿಗೆ ಬಂದರು. ಜೊತೆಯಲ್ಲಿ ಅಳುತ್ತಿದ್ದ ಮೊಮ್ಮಗಳು, ಚಾದರದಲ್ಲಿ ಸುತ್ತಿದ ಕರೀ ಮದ್ದು. ಆಟೋ ಬಡಿದು ತೊಡೆ ಹರಿದಿತ್ತು. ಅವರನ್ನು ನೋಡಿದಾಗ ಹಳೆಯ ಸಿಟ್ಟೆಲ್ಲ ಎದ್ದು ಬಂತು, ಆದರೆ ಡಾಕ್ಟರ್‌ಬಾಯಿಯ ಕಟ್ಟಳೆ ನೆನಪಿತ್ತು. ಮೊದಲು ನಾಯಿಗೆ ಸೂಜಿ ಚುಚ್ಚಿದೆ, ಗಾಯ ತೊಳೆದೆ, ಹೊಲಿಗೆ ಹಾಕಿದೆ, ಸುತ್ತ ವಯಲೆಟ್ ಹಚ್ಚಿದೆ. ಎಲ್ಲ ಮುಗಿದು, ನಾಯಿ ನಿರಾಳವಾಗಿ ಉಸಿರಾಡಲು ತೊಡಗಿದ ಮೇಲೆ, ಮನೆಯಲ್ಲಿ ಕೊಡಬೇಕಾದ ಮಾತ್ರೆಗಳ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೆ.

ಇದನ್ನು ಪುಡಿಮಾಡಿ ಹೇಗೆ ಕೊಡಬೇಕು ಎನ್ನುವುದನ್ನು ನೀವೇ ಹೇಳಿ ಸರ್ ಎಂದೆ. ಅಂಕಲ್ ಎನ್ನುವುದನ್ನು ನಾನು ಆ ಮೀಟಿಂಗಿನ ದಿನವೇ ಬಿಟ್ಟಿದ್ದೆ. ಅವರು ನನ್ನ ಮುಖ ನೋಡಿದರು. ಹಾಲಲ್ಲಿ ಔಷಧಿ ಹಾಕಿ ಕೊಡುವುದು ಎಂದರು. ಔಷಧಿ ಅಲ್ಲ ಸರ್, ಇನ್ನೊಂದು ಮಾತಿದೆ, ನಿಮಗೆ ಗೊತ್ತಿರೋದು ಎಂದೆ. ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಮೊಮ್ಮಗಳು ಅವರ ತೋಳು ಎಳೆದು, "ತಾತಾ, ಬೋಲೋ ನಾ" ಅಂದಳು.

"ಹಾಲಲ್ಲಿ ಮದ್ದು ಹಾಕಿ ಕೊಡ್ಬೇಕು" ಎಂದರು, ನೆಲ ನೋಡುತ್ತ.

"ಮದ್ದು ಮತ್ಲಬ್?"

"ದವಾ." ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಮೊಮ್ಮಗಳು ಕಣ್ಣೊರೆಸಿಕೊಂಡು, ಮದ್ದು ಅಂದರೆ ನಮ್ಮ ನಾಯಿ, ತಾತನಿಗೆ ಮರೆವು ಎಂದು ಹಿಂದಿಯಲ್ಲಿ ನನಗೆ ತಿಳಿಸಿ ಹೇಳಿದಳು. ನಾನು ಪೊಟ್ಟಣ ಕೊಟ್ಟು, ಹೊಲಿಗೆ ಬಿಚ್ಚಲು ಮತ್ತೆ ಬರಲು ಹೇಳಿದೆ.

ಕ್ಲಿನಿಕ್ಕಿಗೆ ಬಾಗಿಲು ಹಾಕಿ ಗ್ರಾಂಟ್ ರೋಡಿಗೆ ಓಡಿದೆ. ಡಾಕ್ಟರ್‌ಬಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದರು. ಮೊದಲು ನಾಯಿ ಹೇಗಿದೆ ಎಂದು ವಿಚಾರಿಸಿದರು, ಹೊಲಿಗೆಗೆ ಯಾವ ದಾರ ಹಾಕಿದೆ ಎಂದು ಕೇಳಿ ಬೈದರು. ಆಮೇಲೆ ಆ ಮನುಷ್ಯನ ಮಾತನ್ನು ಅವನ ದನಿಯಲ್ಲೇ ಹೇಳಿಸಿಕೊಂಡರು, ಮತ್ತೆ ಮತ್ತೆ. ಅವರ ಮುಖದಲ್ಲಿ ನಗು ಹರಡುತ್ತಿದ್ದುದು ತಟ್ಟನೆ ನಿಂತಿತು.

"ಜೋರಾಗಿ ಹೇಳಿದನಾ?"

ಇಲ್ಲ, ಮೆಲ್ಲಗೆ ಎಂದೆ.

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ. ನನ್ನ ಬಗ್ಗೆ ಹೇಳುವಾಗ ಊರಿಗೆಲ್ಲ ಕೇಳಿಸಿದ್ದ. ಹೊಲಿಗೆ ಬಿಚ್ಲಿಕ್ಕೆ ಬರ್ತಾನಲ್ಲ, ಆಗ ಜೋರಾಗಿ ಹೇಳಿಸು." ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದು. ಎರಡು ದಿನದ ಮೇಲೆ ಹೋಗಿಬಿಟ್ಟರು. ಹೋಟೆಲಿಗೆ ಆ ದಿನ ಬಾಗಿಲು ಹಾಕಿದ್ದರು. ಸುತ್ತಲಿನ ಬೀದಿನಾಯಿಗಳು ಮುಚ್ಚಿದ ಶಟರಿನ ಮುಂದೆ ಇಡ್ಲಿಗೆ ಕಾದು ಕೂತಿದ್ದವು.

ಹೊಲಿಗೆ ಬಿಚ್ಚಿಸಲು ಸೆಕ್ರೆಟರಿ ಬಂದಾಗ ಸುದ್ದಿ ಅವರಿಗೂ ಮುಟ್ಟಿತ್ತು. ನಿಮ್ಮ ಡಾಕ್ಟರ್‌ಬಾಯಿ ಹೋದರಂತೆ, ಪಾಪ ಎಂದರು. ಪಾಪ ಬೇಡ ಸರ್, ಅವತ್ತಿನ ಮಾತನ್ನು ಇನ್ನೊಂದು ಸಲ ಹೇಳಿ, ಜೋರಾಗಿ, ಹೊರಗಿನವರಿಗೂ ಕೇಳಿಸಬೇಕು ಎಂದೆ. ಅವರ ಕಣ್ಣು ತುಂಬಿ ಬಂದಿತ್ತು. ಮುದುಕರಾಗಿದ್ದರು. "ಇಷ್ಟು ವರ್ಷ ಆಯ್ತಲ್ಲಮ್ಮ. ಅವರೇ ಹೋದ್ರು. ಇನ್ನಾದ್ರೂ ಬಿಟ್ಬಿಡು" ಅಂದರು.

"ನಾಯಿ ಬಿಡುತ್ತೆ ಸರ್" ಎಂದೆ. "ನಾನು ನಾಯಿಯಾ?"

ಅವರು ಬಾಗಿಲಿನ ಕಡೆ ತಿರುಗಿ ನಿಂತು, ಗಂಟಲು ಸರಿಮಾಡಿಕೊಂಡು, ಮದ್ದು ಮತ್ಲಬ್ ದವಾ ಎಂದು ಕೂಗಿದರು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಮೇಜಿನ ಮೇಲಿದ್ದ ನಾಯಿ ತನ್ನನ್ನೇ ಕರೆದರೆಂದುಕೊಂಡು ಬಾಲ ಬಡಿಯುತ್ತ ಅವರ ಕೈ ನೆಕ್ಕಿತು. ನಾನು ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದೆ.